ಹಿಂದೆ ಮೆತ್ತಗಿದೆ, ಗಟ್ಟಿ ಮಾಡುವುದು

ಶುಕ್ರವಾರ ಬೆಳಗ್ಗೆ ಏಳು ಗಂಟೆಗೆ ಹುಣಸೂರು ಬಿಟ್ಟೆವು. ಮೈಸೂರಿಗೆ ಇಪ್ಪತ್ತೆಂಟು ಮೈಲಿ. ನಮ್ಮ ಹಳೆಯ ಇಂಗ್ಲಿಷ್ ಕಾರಿಗೆ ಅದು ಒಂದೂಕಾಲು ಗಂಟೆಯ ದಾರಿ. ಬಿಳಿಕೆರೆಯ ಹತ್ತಿರ ಎತ್ತಿನ ಗಾಡಿಗಳ ಸಾಲೊಂದು ಅಡ್ಡ ಸಿಕ್ಕಿ ಎರಡು ಗಂಟೆ ಹಿಡಿಯಿತು. ಕಾರು ಓಡಿಸುತ್ತಿದ್ದವಳು ನನ್ನ ಹೆಂಡತಿ ಲಲಿತ. ಪಕ್ಕದಲ್ಲಿ ಕೂತು ಗಾಡಿಯವರ ಮೇಲೆ ರೇಗುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ನಾವು ಹೊರಟದ್ದು ಭಾನುವಾರದ ಸ್ಪರ್ಧೆಗೆ. ಮೈಸೂರಿನ ಮೋಟಾರು ಶೋಕಿಯವರು ವರ್ಷಕ್ಕೊಮ್ಮೆ ಊರಾಚೆಯ ಬಯಲಿನಲ್ಲಿ ಸುಣ್ಣ ಬಳಿದ ಹನ್ನೆರಡು ಬಿದಿರು ಕಂಬ ನೆಡುತ್ತಿದ್ದರು. ಅವುಗಳ ನಡುವೆ ಎಡಕ್ಕೆ ಬಲಕ್ಕೆ ಹೊರಳಿಸುತ್ತ, ಒಂದನ್ನೂ ಕೆಡವದೆ, ಆದಷ್ಟು ಬೇಗ ಕಾರನ್ನು ದಾಟಿಸಬೇಕು. ಹೋದ ವರ್ಷ ಹೆಂಗಸರ ಸುತ್ತಿನಲ್ಲಿ ಲಲಿತ ಹನ್ನೊಂದು ಕಂಬ ದಾಟಿ, ಹನ್ನೆರಡನೆಯದನ್ನು ಕಾರಿನ ಹಿಂಭಾಗ ತಗುಲಿಸಿ ಬೀಳಿಸಿದ್ದಳು. "ಹಿಂದಿನ ಸ್ಪ್ರಿಂಗು ಸೋತಿದೆ ಕಣ್ರೀ, ತಿರುಗಿಸಿದ್ರೆ ಕಾರು ವಾಲುತ್ತೆ" ಎಂದು ಅವಳು ಆಗಲೇ ಹೇಳಿದಳು. ನಾನು ವಕೀಲ. ಸಾಕ್ಷಿ ಕೇಳದೆಯೇ ನಮ್ಮ ಬೀದಿಯ ಜಗಲಿಗಳಲ್ಲೆಲ್ಲ "ಕೊನೇ ಗಳಿಗೇಲಿ ಹೆದರಿಬಿಟ್ಲು" ಎಂದು ತೀರ್ಪು ಕೊಟ್ಟುಬಿಟ್ಟೆ. ಅಂದಿನಿಂದ ಬೀದಿಯವರು ಅವಳು ಕಾರು ತೆಗೆದಾಗಲೆಲ್ಲ "ಕಂಬ ಜೋಪಾನ ಕಣಮ್ಮ" ಎನ್ನುತ್ತಿದ್ದರು. ಅವಳು ಆರು ತಿಂಗಳು ಕೆರೆಯ ಪಕ್ಕದ ಬಯಲಿನಲ್ಲಿ ಹಳೆಯ ಮಡಕೆಗಳನ್ನು ಸಾಲಾಗಿಟ್ಟು ಅಭ್ಯಾಸ ಮಾಡಿದಳು. ನನ್ನನ್ನು ಕೇಳಿದ್ದು ಒಂದೇ ಒಂದು: ಈ ಸಲ ಆ ಸ್ಪ್ರಿಂಗು ಬಿಗಿ ಮಾಡಿಸಿಕೊಡಿ.

ಮಂಡಿ ಮೊಹಲ್ಲಾದಲ್ಲಿ ಕಾರು ರಿಪೇರಿಯ ಮಾದಪ್ಪ ಮಿಸ್ತ್ರಿಯ ಷೆಡ್ಡು ತೆರೆದಿತ್ತು, ಮಾದಪ್ಪ ಇರಲಿಲ್ಲ. ಬೆಟ್ಟಕ್ಕೆ ಹೋಗಿದ್ದಾರೆ, ಮಧ್ಯಾಹ್ನ ಬರುತ್ತಾರೆ ಎಂದು ಪಕ್ಕದ ಹುರಿ ಅಂಗಡಿಯ ಸಾಹೇಬರು ಹೇಳಿದರು. ಮೂಟೆ ಹೊತ್ತವರು ಎರಡು ಕಡೆಯಿಂದಲೂ ನನ್ನನ್ನು ತಳ್ಳಿಕೊಂಡು ಹೋಗುತ್ತಿದ್ದರು. ಹೊಟ್ಟೆ ಬೇರೆ ಹಸಿದಿತ್ತು.

"ಕಾಯೋಣ ರೀ, ಬಾಯಲ್ಲಿ ಹೇಳಿದ್ರೆ ಒಳ್ಳೇದು" ಎಂದಳು ಲಲಿತ.

"ಹದಿನೈದು ವರ್ಷದಿಂದ ಕ್ರಯಪತ್ರ ಬರೀತಿದ್ದೀನಿ. ಒಂದು ಚೀಟಿ ಬರೆಯೋಕೆ ಬರೋದಿಲ್ವೆ?" ಎಂದು, ಹೊಗೆ ಕಟ್ಟುತ್ತಿದ್ದ ಸೈಲೆನ್ಸರನ್ನೂ ಸೇರಿಸಿ ಚೀಟಿ ಬರೆದು ಕಾರಿನ ಗಾಜಿಗೆ ಸಿಕ್ಕಿಸಿ, ಬೀಗದ ಕೈಯನ್ನು ಸಾಹೇಬರಿಗೆ ಕೊಟ್ಟು ಹೊರಟೆ. ಕುಂಬಾರಕೊಪ್ಪಲಿನಲ್ಲಿ ಲಲಿತಳ ಚಿಕ್ಕಮ್ಮನ ಮನೆ. ಜಟಕಾದವನು ಎಂಟಾಣೆ ಎಂದ. ನಾನು ಹೊಸ ಪೈಸೆ ಐವತ್ತು ಕೊಟ್ಟರೆ, ಅವು ನೋಡಲು ಚಿಕ್ಕವಾಗಿವೆ, ಇನ್ನೆರಡು ಹಾಕಿ ಎಂದು ಹಟ ಹಿಡಿದ. ಹಾಕಿದೆ.

ಶನಿವಾರ ಲಲಿತ ಎರಡು ಸಲ ಕೇಳಿದಳು, ಒಮ್ಮೆ ಷೆಡ್ಡಿಗೆ ಹೋಗಿ ನೋಡಿ ಬರೋಣವೇ ಎಂದು. ಮಿಸ್ತ್ರಿಗಳ ತಲೆಯ ಮೇಲೆ ನಿಲ್ಲಬಾರದು ಎಂದು ಉಪದೇಶ ಮಾಡಿ, ಅವಳನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ನಿಂತೇ ಹತ್ತಿದೆವು. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಸಾಲು ನಿಂತು ದರ್ಶನ ಮಾಡಿದೆವು. ಇಳಿಯುವ ಬಸ್ಸು ಕೆಟ್ಟು ನಿಂತಿತ್ತು. ಅಷ್ಟೂ ಮೆಟ್ಟಿಲು ಕಾಲಲ್ಲೇ ಇಳಿದು ನನ್ನ ಮಂಡಿ ಚಿಪ್ಪು ಕಳಚಿದ ಹಾಗಾಯಿತು. ದಾರಿಯುದ್ದಕ್ಕೂ ಅವಳು ಕೆಳಗಿನ ಊರನ್ನೇ ನೋಡುತ್ತಿದ್ದಳು. ಏನು ನೋಡ್ತೀಯ ಎಂದರೆ, "ಮಂಡಿ ಮೊಹಲ್ಲಾ ಯಾವ ಕಡೆ ಬರುತ್ತೆ?" ಎಂದಳು.

ಭಾನುವಾರ ಏಳು ಗಂಟೆಗೆ ಷೆಡ್ಡಿಗೆ ಹೋದೆವು. ಮಾದಪ್ಪ ವಿಭೂತಿ ಹಚ್ಚಿಕೊಂಡು, ಮದುವೆ ಮನೆಯ ಯಜಮಾನನ ಹಾಗೆ ನಗುತ್ತ ನಿಂತಿದ್ದರು. "ಕೂತ್ಕಳಿ ತಾಯಿ, ಇಸ್ಟಾರ್ಟ್ ಮಾಡಿ" ಎಂದರು. ಲಲಿತ ಬೀಗದ ಕೈ ತಿರುಗಿಸಿದಳು. ಕಾರು ಗುಡುಗಿತು. ಎದುರಿನ ಮಂಡಿಯ ಸೂರಿನಲ್ಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು.

"ಎಂಗದೆ ಸ್ವಾಮಿ?" ಎಂದು ಮಾದಪ್ಪ ನನ್ನ ಕಿವಿಯಲ್ಲಿ ಕೂಗಿದರು.

ನಾನು ಬಗ್ಗಿ ಹಿಂದಿನ ಚಕ್ರದ ಒಳಗೆ ನೋಡಿದೆ. ಒಂದರ ಕೆಳಗೊಂದು ಜೋಡಿಸಿದ ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳ ಮೇಲೆ ಹುಣಸೂರಿನ ಧೂಳು ಹಾಗೇ ಕೂತಿತ್ತು. ಮೈಯೆಲ್ಲ ಉರಿದುಹೋಯಿತು. "ಏನ್ರೀ ಇದು? ನಾನು ಹೇಳಿದ್ದೇನು, ನೀವು ಮಾಡಿದ್ದೇನು?" ಎಂದು ಕಿರುಚಿದೆ.

ಕಾರು ನಿಲ್ಲಿಸಿದ ಮೇಲೆ ಮಾದಪ್ಪ ಜೇಬಿನಿಂದ ನನ್ನ ಚೀಟಿ ತೆಗೆದು, ಬೆರಳಿಟ್ಟು ಓದಿದರು. "ಸೈಲೆನ್ಸರಿನಲ್ಲಿ ಹೊಗೆ ಸಲೀಸಾಗಿ ಹೋಗುವಂತೆ ಮಾಡುವುದು. ಹಿಂದೆ ತೀರಾ ಮೆತ್ತಗಿದೆ, ಗಟ್ಟಿ ಮಾಡುವುದು." ತಲೆ ಎತ್ತಿದರು. "ಸೌಂಡು ಮೆತ್ತಗದೆ, ಗಟ್ಟಿಯಾಗಿ ಬರ್ಬೇಕು ಅಂತ ತಾನೆ? ರೇಸಿನೋರು ಅಂಗೇ ಕೇಳ್ತಾರೆ. ಒಳಗಿನ ತಗಡೆಲ್ಲ ಕಿತ್ತಾಕ್ಬುಟ್ಟೆ."

ಲಲಿತ ಚೀಟಿ ಇಸಿದುಕೊಂಡು ಎರಡು ಸಲ ಓದಿದಳು. "ಸ್ಪ್ರಿಂಗು ಅನ್ನೋ ಮಾತು ಎಲ್ಲಿದೆ ರೀ ಇದ್ರಲ್ಲಿ?"

ಎಲ್ಲೂ ಇರಲಿಲ್ಲ. ಚೀಟಿಯ ಕೆಳಗೆ ನನ್ನ ರುಜು ಮಾತ್ರ ಬಲು ಸ್ಪಷ್ಟವಾಗಿತ್ತು. ಅವಳು ರೇಗಲಿಲ್ಲ. ಚೀಟಿಯನ್ನು ಮಡಿಸಿ ನನ್ನ ಕೈಗಿಟ್ಟಳು. ಅವಳ ಕಣ್ಣು ತುಂಬಿತ್ತು. ಅದನ್ನು ನೋಡಿಯೂ ನನ್ನ ಬಾಯಲ್ಲಿ ಬಂದದ್ದು "ಮಿಸ್ತ್ರಿಗೆ ಅಷ್ಟೂ ಗೊತ್ತಾಗ್ಬಾರ್ದೆ" ಎಂಬ ಮಾತೇ.

ಹೊಸ ಪಟ್ಟಿ ಸೇರಿಸಲು ಒಂದು ದಿನ ಬೇಕು, ಕುಲುಮೆಯವರಿಗೆ ಭಾನುವಾರ ರಜ. ಮಾದಪ್ಪ ತಲೆ ಕೆರೆದುಕೊಂಡು ಪಕ್ಕದ ಅಂಗಡಿಯ ಕಡೆ ನೋಡಿದರು. "ಸಾಹೇಬ್ರೆ, ಸೆಣಬಿನ ಹುರಿ ಎರಡು ಉಂಡೆ ಕೊಡಿ." ಆಮೇಲೆ ಲಲಿತಳಿಗೆ ಹೇಳಿದರು, "ಅಳ್ಬ್ಯಾಡಿ ತಾಯಿ. ಪಟ್ಟಿಗಳ್ನ ಬಿಗಿಯಾಗಿ ಸುತ್ತಿ ನೀರು ಉಯ್ದ್ರೆ ಹುರಿ ಬಿಗ್ಕತದೆ, ಪಟ್ಟಿ ಅಲ್ಲಾಡಾಕಿಲ್ಲ. ಒಣಗಿದ್ರೆ ಮಾತ್ರ ಸಡ್ಲ ಆಯ್ತದೆ."

ಒಂದೂವರೆ ಗಂಟೆ ಮಾದಪ್ಪನೂ ಸಾಹೇಬರೂ ಕಾರಿನ ಕೆಳಗೆ ಮಲಗಿ, ಗಾಯಕ್ಕೆ ಬಟ್ಟೆ ಸುತ್ತುವ ಹಾಗೆ ಎರಡು ಸ್ಪ್ರಿಂಗಿಗೂ ಹುರಿ ಸುತ್ತಿದರು. ಸೈಲೆನ್ಸರನ್ನು ಸರಿಮಾಡಲು ಹೊತ್ತಿರಲಿಲ್ಲ. ನನ್ನ ಕೈಗೆ ಒಂದು ಬಕೆಟ್ಟು, ಒಂದು ಚೊಂಬು ಬಂತು.

ಬಯಲು ತಲುಪಿದಾಗ ಹತ್ತು ಗಂಟೆ. ಸದ್ದಿಗೆ ಹೆದರಿ ಕುದುರೆಯೊಂದು ಜಟಕಾ ಸಮೇತ ದಾರಿ ಬಿಟ್ಟು ನಿಂತಿತು. ಬಿಸಿಲು ಸುಡುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಕೋಟು ಕಳಚಿ ಕಾರಿನ ಕೆಳಗೆ ನುಗ್ಗಿ ಹುರಿಗೆ ನೀರು ಹುಯ್ಯುತ್ತಿದ್ದೆ. "ಕಾರಿಗೆ ಅಭಿಷೇಕವೇ ಸ್ವಾಮಿ?" ಎಂದು ಯಾರೋ ಕೇಳಿದರು. ನಾನು ಇನ್ನೊಂದು ಚೊಂಬು ಹುಯ್ದೆ.

ಐದು ಜನ ಹೆಂಗಸರಲ್ಲಿ ಲಲಿತಳ ಸರದಿ ಕೊನೆಯದು. ನಾನು ಕಡೆಯ ಚೊಂಬು ಹುಯ್ದು ತೆವಳಿಕೊಂಡು ಹೊರಬಂದೆ. ಅವಳು ಸೆರಗು ಬಿಗಿದು ಹೊರಟಳು. ಬಾವುಟ ಹಿಡಿದವನು ಇನ್ನೊಂದು ಕೈಯಿಂದ ಕಿವಿ ಮುಚ್ಚಿಕೊಂಡ. ನಾಲ್ಕು, ಏಳು, ಹತ್ತು. ಹೋದ ವರ್ಷ ದೋಣಿಯ ಹಾಗೆ ವಾಲುತ್ತಿದ್ದ ಕಾರು ಈಗ ನೆಲ ಹಿಡಿದು ತಿರುಗುತ್ತಿತ್ತು. ಹನ್ನೆರಡನೆಯ ಕಂಬದ ಹತ್ತಿರ ಅವಳು ಹೆದರಲಿಲ್ಲ, ವೇಗ ತಗ್ಗಿಸಲೂ ಇಲ್ಲ. ಹಿಂಭಾಗ ಕಂಬವನ್ನು ಸವರಿತು. ಕಂಬ ಅಲ್ಲಾಡಿತು, ಇನ್ನೊಮ್ಮೆ ಅಲ್ಲಾಡಿತು, ನಿಂತಿತು. ಅವಳಿಗೆ ಎರಡನೆಯ ಸ್ಥಾನ ಬಂತು. ಅಂದರೆ ಹೋದ ವರ್ಷವೂ ಅವಳು ಹೆದರಿರಲಿಲ್ಲ. ಅಷ್ಟು ತಿಳಿಯಲು ನನಗೆ ಎರಡು ಉಂಡೆ ಹುರಿ ಬೇಕಾಯಿತು.

ಊಟ ಮುಗಿಸಿ ಮೂರು ಗಂಟೆಗೆ ಊರಿಗೆ ಹೊರಟೆವು. ಇಪ್ಪತ್ತೆಂಟು ಮೈಲಿಯೂ ಆ ಗುಡುಗು. ಬಿಳಿಕೆರೆಯಲ್ಲಿ ಜನ ಬಾಗಿಲಿಗೆ ಬಂದು ನೋಡಿದರು. ನನಗೆ ಅವಳಿಗೊಂದು ಮಾತು ಹೇಳಬೇಕಿತ್ತು. ಹೇಳಿದೆ.

"ಏನು?" ಎಂದಳು.

ಮತ್ತೆ ಹೇಳಿದೆ. "ಕೇಳಿಸ್ತಿಲ್ಲ ರೀ, ಗಟ್ಟಿಯಾಗಿ ಹೇಳಿ!" ಎಂದಳು. ಹೀಗೆ ಮೂರು ಸಲ. ಕೋರ್ಟಿನಲ್ಲಿ ಯಾರೂ ನನ್ನನ್ನು ಇಷ್ಟು ಸತಾಯಿಸಿರಲಿಲ್ಲ.

ಹುಣಸೂರಿನ ನಮ್ಮ ಬೀದಿಗೆ ತಿರುಗುವಾಗ ನನ್ನ ತಾಳ್ಮೆ ಕೆಟ್ಟಿತು. ಇದ್ದಬದ್ದ ಉಸಿರೆಲ್ಲ ಕೂಡಿಸಿ ಬಾಯಿ ತೆರೆದೆ. ಅದೇ ಗಳಿಗೆಗೆ ಅವಳು ಬೀಗದ ಕೈ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ಕಾರು ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿತು. ಸಂಜೆಯ ಕಾಫಿಗೆ ಜಗಲಿಗಳಲ್ಲಿ ಕೂತಿದ್ದ ಇಡೀ ಬೀದಿಗೆ ನನ್ನ ದನಿ ಕೇಳಿಸಿತು:

"ಹೋದ ವರ್ಷ ಕಂಬ ಬಿದ್ದದ್ದು ನಿನ್ನ ತಪ್ಪಲ್ಲ! ನಾನು ಹೇಳಿದ್ದೇ ಸುಳ್ಳು!"

ಲಲಿತ ಮನೆಯ ಮುಂದೆ ಕಾರು ನಿಲ್ಲಿಸಿ ಬೀಗದ ಕೈ ತೆಗೆದುಕೊಂಡಳು. "ಈಗ ಕೇಳಿಸ್ತು" ಎಂದು ಇಳಿದು, ಜಗಲಿಗಳ ಕಡೆ ಒಮ್ಮೆ ನೋಡಿ, ಒಳಗೆ ಹೋದಳು.