ಒಂದು ಮಗ್ಗುಲು ಬೆಂದ ಮೀನು

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ ಕಲ್ಲಿನ ಮೇಲೆ ಪುದೀನ ಅರೆಯುತ್ತಿದ್ದಳು. ಮಿಕ್ಸಿ ಕೆಟ್ಟಿತ್ತಂತೆ. ಪುದೀನ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ... ಆ ಘಾಟು ಗೋಡೆ ದಾಟಿ ನಮ್ಮ ಹಿತ್ತಲಿಗೆ ಬಂತು. ಸೀರೆ ಹಿಂಡುತ್ತಿದ್ದ ನಾನು ಹಾಗೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಬಂಗಾರಪೇಟೆಯ ಈ ಬೀದಿಗೆ ಬಂದು ಮೂವತ್ತು ವರ್ಷವಾಗಿದೆ, ಯಾವ ವಾಸನೆಗೂ ಹೀಗೆ ಕೈಯ ಕೆಲಸ ಬಿಟ್ಟು ಕೂತವಳಲ್ಲ ನಾನು.

ಮದುವೆಯಾಗಿ ಉರಿಗಾಂನ ಕೂಲಿ ಲೈನಿಗೆ ಬಂದಾಗ ನನಗೆ ಹದಿನೇಳು ವರ್ಷ. ಯುದ್ಧದ ಕಾಲ. ಬೇತಮಂಗಲದ ಹತ್ತಿರದ ಹಳ್ಳಿಯವಳು ನಾನು, ರಾಗಿ ಹೊಲ, ಹಸು ಬಿಟ್ಟರೆ ಬೇರೇನೂ ಕಂಡವಳಲ್ಲ. ನಮ್ಮನೆಯವರಿಗೆ ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸ. ಲೈನೆಂದರೆ ಸಾಲಾಗಿ ಕಟ್ಟಿದ ಒಂದೊಂದೇ ಕೋಣೆಯ ಮನೆಗಳು, ಮನೆಗೂ ಮನೆಗೂ ನಡುವೆ ಬಿದಿರಿನ ತಡಿಕೆ. ಈಚೆ ಕೆಮ್ಮಿದರೆ ಆಚೆಯವರು ನೀರು ಕುಡಿ ಎನ್ನುತ್ತಿದ್ದರು. ಹಾಗೆ ಆಚೆ ಇದ್ದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಆರ್ಕಾಟಿನ ಕಡೆಯ ತಮಿಳಿನವಳು, ನಮ್ಮ ಕನ್ನಡವನ್ನು ತನಗೆ ಬೇಕಾದ ಹಾಗೆ ಬಗ್ಗಿಸಿಕೊಂಡಿದ್ದಳು. ನನ್ನನ್ನು ತಮಿಳಿನವರ ಅಕ್ಕರೆಯಲ್ಲಿ 'ಕಣ್ಣು' ಎಂದೇ ಕರೆಯುವಳು. ಮಕ್ಕಳಿರಲಿಲ್ಲ. ಇದ್ದವನು ಗಂಡನೊಬ್ಬ.

ಬೇತಮಂಗಲದ ಕೆರೆಯ ಗೆಂಡೆ ಮೀನು ಬುಟ್ಟಿಯಲ್ಲಿ ಬಂದ ದಿನ ಅವಳ ಸಡಗರ ನೋಡಬೇಕಿತ್ತು. ಬೂದಿ ಹಚ್ಚಿ ತಿಕ್ಕಿ ತೊಳೆದು, ಎರಡೂ ಮಗ್ಗುಲಿಗೆ ಗೀರು ಹಾಕಿ, ಮೊನ್ನೆ ಆ ಹುಡುಗಿ ಅರೆದಂಥದೇ ಹಸಿರು ಮಸಾಲೆಯನ್ನು ಹುಣಸೆಹುಳಿಯ ಜೊತೆ ಮೆತ್ತಿ ಮುಚ್ಚಿಡುವಳು. ಒಲೆಗೆ ಮಾತ್ರ ಇಡುತ್ತಿರಲಿಲ್ಲ. ಶಿಫ್ಟು ಮುಗಿದಾಗ ಕೂಗುವ ಸೈರನ್ನಿಗೆ ನಾವೆಲ್ಲ 'ಸಂಗು' ಎನ್ನುತ್ತಿದ್ದೆವು. ಸಂಗು ಕೂಗಿದ ಮೇಲೇ ಅವಳ ಬಾಣಲೆ ಒಲೆಗೆ ಏರುವುದು. ಗಂಡ ನಡೆದು ಬಂದು ಕೈಕಾಲು ತೊಳೆಯುವಷ್ಟರಲ್ಲಿ ಒಂದು ಮಗ್ಗುಲು, ತಟ್ಟೆಯ ಮುಂದೆ ಕೂರುವಷ್ಟರಲ್ಲಿ ಇನ್ನೊಂದು. ಕೊನೆಗೆ ಒಂದು ಹಿಡಿ ಹಸಿ ಕೊತ್ತಂಬರಿ ಉದುರಿಸಿ ಇಳಿಸಿಬಿಡುವಳು.

"ಮೊದ್ಲೇ ಮಾಡಿಟ್ರೆ ಏನಕ್ಕಾ?" ಎಂದು ಒಮ್ಮೆ ಕೇಳಿದ್ದೆ.

"ಒಳಗೆ ಸತ್ತು ಎದ್ದು ಬತ್ತಾರೆ ಕಣ್ಣು. ಆರಿದ್ದು ಇಕ್ಕಬಾರ್ದು" ಎಂದಿದ್ದಳು.

ಅವನು ಉಣ್ಣಲು ಕೂತ ಮೇಲೆ ತಡಿಕೆಯಾಚೆಯಿಂದ ದಿನವೂ ಒಂದೇ ಪ್ರಶ್ನೆ ಬರುತ್ತಿತ್ತು, "ಉಪ್ಪು ಸರಿಗೈತಾ?" ಅವನು ಹೂಂ ಎನ್ನುವನು. ನಾನು ಈಚೆ ಸೆರಗು ಬಾಯಿಗಿಟ್ಟು ನಗುತ್ತಿದ್ದೆ.

ಹಾಗೆ ಗೆಂಡೆ ಬಂದ ಒಂದು ದಿನ ಮಧ್ಯಾಹ್ನ ನೆಲ ನಡುಗಿತು. ಗಣಿಯೊಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಪಾತ್ರೆಗಳು ಗಲಗಲ ಎನ್ನುವುದು ಹೊಸದಲ್ಲ. ಆದರೆ ಅಂದು ಗೂಡಿನಲ್ಲಿದ್ದ ಗಡಿಗೆಯೇ ಉರುಳಿ ಒಡೆಯಿತು. ಹೊತ್ತಲ್ಲದ ಹೊತ್ತಿನಲ್ಲಿ ಸಂಗು ಕೂಗತೊಡಗಿತು, ನಿಲ್ಲಲೇ ಇಲ್ಲ. ನಮ್ಮನೆಯವರೂ ಅಕ್ಕನ ಗಂಡನೂ ಒಂದೇ ಶಿಫ್ಟಿನಲ್ಲಿ ಕೆಳಗಿದ್ದರು.

ಇಂಥ ದಿನ ಲೈನಿನಲ್ಲಿ ಒಲೆ ಉರಿಯಬಾರದು. ಕೊನೆಯ ಗಂಡಸು ಮೇಲೆ ಬರುವ ತನಕ ಎಲ್ಲ ಮನೆಯ ಬೆಂಕಿಯೂ ಆರಿರಬೇಕು. ಮೇಲೆ ಬೆಂಕಿಯಿದ್ದರೆ ಕೆಳಗಿನವರಿಗೆ ಉಸಿರು ಸಿಕ್ಕುವುದಿಲ್ಲ ಎಂದು ನಂಬಿಕೆ. ನಾನು ಗಣಿಯ ಬಾಯಿಗೆ ಓಡಿದೆ, ಕಾವಲಿನವರು ಹತ್ತಿರ ಬಿಡಲಿಲ್ಲ. ಅತ್ತುಕೊಂಡು ವಾಪಸು ಬಂದರೆ ಅಕ್ಕನ ಮನೆಯ ಸೂರಿನಿಂದ ಹೊಗೆ ಬರುತ್ತಿತ್ತು. ನಮ್ಮತ್ತೆ ಬೀದಿಯಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದರು.

"ಒಲೆ ಉರೀತೈತಲ್ಲೇ ಅವಳ ಮನೇಲಿ! ನನ್ ಮಗನ್ನ ಸಾಯಿಸ್ತಾಳೆ ಕಣೇ! ಓಗೇ, ಓಗಿ ಆರ್ಸೇ!"

ಒಳಗೆ ಅಕ್ಕ ಬಾಣಲೆಯ ಮುಂದೆ ಕೂತಿದ್ದಳು. ಎಣ್ಣೆ ಚುರುಗುಟ್ಟುತ್ತಿತ್ತು. "ಸಂಗು ಕೂಗ್ತಲ್ಲಾ ಕಣ್ಣು" ಎಂದಳು, ನನ್ನ ಮುಖ ನೋಡದೆ. "ಅಸ್ಕೊಂಡು ಬತ್ತಾರೆ. ಒಲೆ ಆರ್ಸಿದ್ರೆ ಅವ್ರು ಬರಲ್ಲ ಅಂತ ನಾನೇ ಒಪ್ಕೊಂಡಂಗೆ ಆಗಲ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಗಂಡನ ಉಸಿರು ಈ ಬಾಣಲೆಯ ಕೆಳಗೆ ಸುಡುತ್ತಿದೆ ಎಂದೇ ಅನ್ನಿಸಿತು. ಮೂಲೆಯಲ್ಲಿದ್ದ ಕೊಡ ಎತ್ತಿ ಒಲೆಗೆ ಸುರಿದುಬಿಟ್ಟೆ. ಬುಸ್ಸೆಂದು ಎದ್ದ ಹೊಗೆಯಲ್ಲಿ ಅವಳು ಕಾಣಲಿಲ್ಲ. ಹೊಗೆ ಇಳಿದಾಗ ಅವಳು ನೆಲಕ್ಕೆ ಕೆನ್ನೆಯಿಟ್ಟು ಆ ನೆಂದ ಸೌದೆಯನ್ನು ಊದುತ್ತಿದ್ದಳು. ಕಣ್ಣಲ್ಲಿ ನೀರು, ಬಾಯಲ್ಲಿ ಬೂದಿ... ಊದುತ್ತಲೇ ಇದ್ದಳು.

ಹೊತ್ತು ಇಳಿಯುವ ಮುಂಚೆ ನಮ್ಮನೆಯವರು ಬಂದರು. ಮೈತುಂಬ ಧೂಳು, ಕಿವಿ ಕೇಳಿಸುತ್ತಿರಲಿಲ್ಲ, ಆದರೂ ಬದುಕಿ ಬಂದಿದ್ದರು. ಅತ್ತೆ ಮಗನನ್ನು ತಬ್ಬಿ ಅತ್ತವರು ಮರುಕ್ಷಣವೇ ನೀರು ಕಾಯಿಸಲು ಒಲೆ ಹಚ್ಚಿದರು. ನಾನೇ ಸೌದೆ ಕೊಟ್ಟೆ. ಕೆಳಗೆ ಇನ್ನೂ ಎಷ್ಟು ಜನರಿದ್ದಾರೆ ಎಂದು ಅತ್ತೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ.

ಆಗ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ಬಾಣಲೆ.

"ನಿಮ್ ಒಲೆ ಉರೀತೈತಲ್ಲಾ ಕಣ್ಣು. ಒಂದು ಮಗ್ಗುಲು ಬೆಂದೈತೆ. ಇನ್ನೊಂದು ಬೇಯಿಸ್ಕೋತೀನಿ."

ಕೊಂಕಿನಿಂದ ಆಡಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಮೀನು ಮಗುಚಿ ಹಾಕುತ್ತಾ ನಮ್ಮನೆಯವರ ಕಿವಿಯ ಹತ್ತಿರ ಬಾಗಿ, "ಅವ್ರು ನಿಮ್ ಹಿಂದೆ ಬತ್ತಾವ್ರಾ?" ಎಂದು ಜೋರಾಗಿ ಕೇಳಿದಳು. ಅವರು ನೆಲ ನೋಡಿದರು.

"ಬತ್ತಾವ್ನೆ ಅಕ್ಕ" ಎಂದರು.

ಅವಳ ಮುಖ ಅರಳಿತು. ಮಡಿಲಿನಿಂದ ಕೊತ್ತಂಬರಿ ತೆಗೆದು ಉದುರಿಸಿದಳು. ದೊಡ್ಡ ತುಂಡೊಂದನ್ನು ಅವರ ತಟ್ಟೆಗೆ ಹಾಕಿ ಎದುರಿಗೆ ಕೂತಳು. "ಉಪ್ಪು ಸರಿಗೈತಾ?"

ನಮ್ಮನೆಯವರು ತಿಂದರು. ಒಂದೊಂದೇ ತುತ್ತು, ಮುಳ್ಳು ಬಿಡಿಸಿ, ಪೂರ್ತಿ ತಿಂದರು. "ಸರಿಗೈತೆ ಅಕ್ಕ" ಎಂದರು. ಉಳಿದದ್ದನ್ನು ಮುಚ್ಚಿಕೊಂಡು ಅವಳು ಮನೆಗೆ ಓಡಿದ ಮೇಲೆ ಇವರು ಹೊರಗೆ ಹೋಗಿ ಎಲ್ಲವನ್ನೂ ಕಾರಿಕೊಂಡರು. ಅಕ್ಕನ ಗಂಡನ ಮೇಲೆ ಬಂಡೆ ಬಿದ್ದದ್ದನ್ನು ಅವರು ಕಣ್ಣಾರೆ ಕಂಡು ಬಂದಿದ್ದರು.

ದೇಹ ಮೇಲೆ ಬಂದದ್ದು ಮೂರನೇ ದಿನ. ಅಷ್ಟೂ ದಿನ ಅಕ್ಕ ಆ ಬಾಣಲೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ಲೈನಿನ ಮನೆ ಗಣಿಯಲ್ಲಿ ದುಡಿಯುವವರಿಗೆ ಮಾತ್ರ, ಆಮೇಲೆ ಅವಳು ಬಿಡಬೇಕಾಯಿತು. ಅವಳ ಅಣ್ಣ ಬಂದು ಊರಿಗೆ ಕರೆದುಕೊಂಡು ಹೋದ. ರೈಲು ಹತ್ತುವಾಗ ನನ್ನ ಕೆನ್ನೆ ಸವರಿ, "ನಿನ್ ಗಂಡ ಬಂದ್ರಲ್ಲಾ, ಅಷ್ಟು ಸಾಕು ಕಣ್ಣು" ಎಂದಳು. ಒಲೆಯ ಮಾತು ಅವಳು ಎತ್ತಲಿಲ್ಲ. ಎತ್ತುವ ಧೈರ್ಯ ನನಗೂ ಬರಲಿಲ್ಲ... ಮತ್ತೆ ಅವಳ ಸುದ್ದಿ ಸಿಗಲಿಲ್ಲ.

ಮೊನ್ನೆ ಮಧ್ಯಾಹ್ನ ಆ ಹುಡುಗಿ ಗೋಡೆಯ ಮೇಲಿಂದ ಒಂದು ತಟ್ಟೆ ಕೊಟ್ಟಳು. ಹಸಿರು ಮೆತ್ತಿದ ಎರಡು ಮೀನಿನ ತುಂಡು. "ತಿಂದು ನೋಡಿ ಹೇಳಿ ಅಜ್ಜಿ, ಉಪ್ಪು ಸಾಕಾ?" ಎಂದಳು. ಮುಳ್ಳು ಬಿಡಿಸಿ ಒಂದು ತುತ್ತು ಬಾಯಿಗಿಟ್ಟೆ. ಸಾಕಮ್ಮ ಎಂದೆ.

ಒಲೆ ಆರಿದ್ದಕ್ಕೆ ಯಾರೂ ಸಾಯುವುದಿಲ್ಲ, ಉರಿದದ್ದಕ್ಕೂ ಸಾಯುವುದಿಲ್ಲ. ಇಷ್ಟು ವಯಸ್ಸಿಗೆ ಅದು ನನಗೆ ಗೊತ್ತು. ಅಕ್ಕನಿಗೆ ಗೊತ್ತಿತ್ತೋ ಇಲ್ಲವೋ. ನಾನು ಸುರಿದ ಆ ಒಂದು ಕೊಡ ನೀರಿಗೇ ತನ್ನ ಗಂಡ ಹೋದ ಎಂದು ಕೊನೆಯವರೆಗೂ ನಂಬಿ, ಆದರೂ ನನ್ನ ಕೆನ್ನೆ ಸವರಿ ಹೋದಳೋ ಏನೋ.