ದೊಡ್ಡವ್ವನ ಕಥೆಗೆ ಸೊನ್ನೆ ಕಾಮೆಂಟು

ತಿಂಗಳ ಎರಡನೇ ಭಾನುವಾರ ಬಂತೆಂದರೆ ನಮ್ಮ ಮನೆಯಲ್ಲಿ ತಿಂಡಿ ಬೇಗ ಆಗುತ್ತದೆ. ಆ ದಿನ ನಮ್ಮ ಬ್ಲಾಗಿನವರ ಕೂಟ. ಒಂದು ತಿಂಗಳು ಹಾಸನ, ಮರುತಿಂಗಳು ಹೊಳೆನರಸೀಪುರ, ಆಮೇಲೆ ಅರಕಲಗೂಡು, ಆಮೇಲೆ ಚನ್ನರಾಯಪಟ್ಟಣ. ಸುತ್ತು ಮುಗಿದರೆ ಮತ್ತೆ ಹಾಸನ. ಹೆಚ್ಚೆಂದರೆ ಹತ್ತು ಹನ್ನೆರಡು ಜನ ಸೇರುತ್ತೇವೆ. ಇಂಟರ್ನೆಟ್ಟಿನಲ್ಲಿ ಬರೆಯುವುದು, ಹೊಸ ಫೋನು, ಹೊಸ ಆ್ಯಪು, ಸುಳ್ಳು ಸುದ್ದಿ, ಇವೇ ಮಾತು. ಯಾರ ಊರಿನಲ್ಲಿ ಕೂಟವೋ ಕಾಫಿ ಅವರದ್ದು. ನಾನು ಹಾಸನದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಕೂಟದವರು ಆಡುವ ಮಾತಿನಲ್ಲಿ ಅರ್ಧ ನನಗೆ ಇವತ್ತಿಗೂ ತಿಳಿಯುವುದಿಲ್ಲ. ತಿಳಿದವಳ ಹಾಗೆ ತಲೆಯಾಡಿಸುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೇನೆ.

ನನ್ನ ಬ್ಲಾಗಿನಲ್ಲಿ ಇರುವುದು ನನ್ನದೇನೂ ಅಲ್ಲ. ದಂಡಿಗನಹಳ್ಳಿಯ ನಮ್ಮ ದೊಡ್ಡವ್ವ ಹೇಳಿದ್ದನ್ನು ಬರೆಯುತ್ತೇನೆ. ನಮ್ಮಪ್ಪನ ಅಣ್ಣನ ಹೆಂಡತಿ, ಎಂಬತ್ತು ದಾಟಿದೆ. ಮಗ, ಸೊಸೆ, ಮೊಮ್ಮಗಳು, ಎರಡು ಹಸು, ಎಲ್ಲದರ ಮೇಲೂ ಅವಳದೇ ದರ್ಬಾರು. ಚಿಕ್ಕಂದಿನಲ್ಲಿ ರಜೆ ಬಂದರೆ ನಾನು ಅವಳ ಸೆರಗು ಹಿಡಿದುಕೊಂಡೇ ಇರುತ್ತಿದ್ದೆ. ನನ್ನ ಬಾಯಲ್ಲಿರುವ ಮಾತಿನಲ್ಲಿ ಮುಕ್ಕಾಲು ಪಾಲು ಅವಳು ಇಟ್ಟದ್ದು. ಈಗಲೂ ಅವಳು ಹೇಳುತ್ತಾಳೆ, ನಾನು ಬರೆದು ಬ್ಲಾಗಿಗೆ ಹಾಕುತ್ತೇನೆ. ಮುಂದಿನ ಸಲ ಹೋದಾಗ ಅವಳ ಮೊದಲ ಪ್ರಶ್ನೆ ಒಂದೇ.

"ಏನಂದ್ರು?"

"ಎಲ್ರೂ ಚೆನ್ನಾಗಿದೆ ಅಂದ್ರು ದೊಡ್ಡವ್ವ."

"ಊಂ," ಎನ್ನುತ್ತಿದ್ದಳು. ಅಷ್ಟಕ್ಕೇ ಮುಂದಿನ ಕಥೆ ಶುರುವಾಗುತ್ತಿತ್ತು.

ಹೋದ ವರ್ಷ ಅವಳು ಒಂದು ಹೊಸ ಕಥೆ ತೆಗೆದಳು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳದೇ ಇದ್ದದ್ದು. ಮದುವೆಯಾಗಿ ದಂಡಿಗನಹಳ್ಳಿಗೆ ಬಂದ ಹೊಸದರಲ್ಲಿ, ಹದಿನಾರರ ಹುಡುಗಿ, ಒಂದು ಮಧ್ಯಾಹ್ನ ಊಟವಾದ ಮೇಲೆ ನೀರಿಗೆಂದು ಬಿಂದಿಗೆ ಹಿಡಿದು ಬಾವಿಗೆ ಹೋದವಳು ಬಿಂದಿಗೆಯನ್ನು ಬಾವಿ ಕಟ್ಟೆಯ ಮೇಲಿಟ್ಟು ದುದ್ದದ ಕಡೆಗೆ ನಡೆದುಬಿಟ್ಟಳಂತೆ. ದುದ್ದ ಅವಳ ತವರು. ದೀಪ ಹಚ್ಚುವ ಹೊತ್ತಿಗೆ ಅವ್ವನ ಮುಂದೆ ನಿಂತಿದ್ದಳಂತೆ. ಅಲ್ಲಿಗೆ ನಿಲ್ಲಿಸಿ, "ವಾಪಸ್ ಎಂಗ್ ಬಂದೆ, ಯಾಕ್ ಬಂದೆ ಅನ್ನಾದು ಇನ್ನೊಂದ್ ದಪ ಏಳ್ತೀನಿ," ಅಂದಳು. ನಾನು ಅಷ್ಟನ್ನೇ ಬರೆದು ಹಾಕಿದೆ.

ಮುಂದಿನ ಸಲ ಹೋದರೆ ದೊಡ್ಡವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ನರ್ಸಿಂಗ್ ಓದುವ ಮೊಮ್ಮಗಳು ಪಕ್ಕದಲ್ಲಿ ಫೋನು ಹಿಡಿದು ಕೂತಿದ್ದಳು. ನನ್ನನ್ನು ನೋಡಿ ಅವಳ ಮುಖ ಸಣ್ಣದಾಯಿತು.

"ನಾನೇನೂ ಬೇಕು ಅಂತ ತೋರಿಸ್ಲಿಲ್ಲ ಚಿಕ್ಕತ್ತೆ. ಅಜ್ಜೀನೇ ಕೇಳ್ತು, ಕೆಳಗೆ ಬರ್ದೈತಲ್ಲ ಅದೇನು ಅಂತ."

ಕೆಳಗೆ ಬರೆದದ್ದು ಇಷ್ಟೇ: ಕಾಮೆಂಟುಗಳು, ಸೊನ್ನೆ. ಈ ಕಥೆಗೆ ಮಾತ್ರವಲ್ಲ. ಹಿಂದಿನದ್ದಕ್ಕೆ, ಅದರ ಹಿಂದಿನದ್ದಕ್ಕೆ, ಎಲ್ಲಕ್ಕೂ.

"ಎಲ್ರೂ ಚೆನ್ನಾಗೈತೆ ಅಂದ್ರು ಅಂತಿದ್ದಲ್ಲ, ಯಾರವ್ವ ಆ ಎಲ್ರೂ?" ಎಂದಳು ದೊಡ್ಡವ್ವ, ಕಾಯಿ ಸುಲಿಯುತ್ತಲೇ. "ಮುದ್ಕಿ ಮನ್ಸಿಗೆ ಸಂತೋಷ ಆಗ್ಲಿ ಅಂತ ಸುಳ್ಳೇಳ್ತಿದ್ದೆಯಾ? ಕೇಳೋರಿಲ್ದಿದ್ರೆ ಗ್ವಾಡೆಗೆ ಏಳ್ಕೊಳ್ಳಾದು ಒಳ್ಳೇದಲ್ವಾ, ಅದು ಊಂಗುಟ್ಟಾದೂ ಇಲ್ಲ, ಸುಳ್ಳೇಳಾದೂ ಇಲ್ಲ."

"ಸುಳ್ಳಲ್ಲ ದೊಡ್ಡವ್ವ, ನಿಜವಾಗ್ಲೂ ಅಂದ್ರು."

"ಅಂಗಾರೆ ಆ ಫೋನು ಸುಳ್ಳೇಳ್ತೈತಾ?"

ಕೂಟದವರು ನನ್ನೆದುರಿಗೇ ಹೊಗಳಿದ್ದು ನಿಜ. ಸೊನ್ನೆಯೂ ನಿಜ. ಎರಡೂ ಹೇಗೆ ನಿಜವಾಗುತ್ತವೆ? ಕಥೆಯ ಉಳಿದರ್ಧ ಕೇಳಿದೆ. "ಮರ್ತೋಯ್ತು," ಎಂದಳು. ನಮ್ಮ ದೊಡ್ಡವ್ವ ಏನನ್ನೂ ಮರೆತವಳಲ್ಲ. ಅವತ್ತು ನನಗೆ ತಿಳಿದದ್ದು ಒಂದೇ, ಇವಳು ಬಾಯಿ ಮುಚ್ಚಿದರೆ ಆ ಅರ್ಧ ಕಥೆ ಅವಳ ಜೊತೆಗೇ ಹೋಗುತ್ತದೆ.

ಆ ತಿಂಗಳ ಕೂಟ ಹೊಳೆನರಸೀಪುರದಲ್ಲಿ, ಜೆರಾಕ್ಸ್ ಅಂಗಡಿಯವರ ಅಂಗಡಿಯಲ್ಲೇ. ಹಳೆಯ ದೇವಸ್ಥಾನಗಳ ಬಗ್ಗೆ ಬ್ಲಾಗ್ ಬರೆಯುವವರು ಅವರು. ಭಾನುವಾರ ಅರ್ಧ ಷಟರ್ ಎಳೆದು ಒಳಗೆ ಕುರ್ಚಿ ಹಾಕಿದ್ದರು. ಅವತ್ತಿನ ಚರ್ಚೆಯ ವಿಷಯ, ನಗಬೇಡಿ, ಓದುಗರನ್ನು ಹೆಚ್ಚಿಸುವುದು ಹೇಗೆ ಎಂಬುದು. ಮಾತಾಡಬೇಕಾದವರು ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ. ವಾರವೆಲ್ಲಾ ಕಾಯಿ ಲೋಡು ಮಾಡಿಸುತ್ತಾರೆ, ರಜೆ ಸಿಕ್ಕಾಗ ಮೊಬೈಲ್ ಫೋನುಗಳ ಬಗ್ಗೆ ಬರೆಯುತ್ತಾರೆ. ನಾನು ಕೂತ ತಕ್ಷಣ ನನ್ನ ಗೋಳು ಹೇಳಿಕೊಂಡೆ.

"ಕಾಮೆಂಟ್ ಬುಡಿ ಅಕ್ಕ, ನೋಡಿದೋರು ಎಷ್ಟು ಜನ ಅಂತ ತೋರಿಸ್ತದಲ್ಲ, ಅದ್ ನೋಡಿ," ಎಂದು ನನ್ನ ಫೋನು ತೆಗೆದುಕೊಂಡು ವ್ಯಾಪಾರಿಗಳು ಏನೇನೋ ಒತ್ತಿದರು. "ಅಗಳಪ್ಪಾ, ಜನ ಅವ್ರೆ! ಎಲ್ಲಾ ಹೊರದೇಶದೋರು."

"ಹೊರದೇಶದವರು ದಂಡಿಗನಹಳ್ಳಿ ಕಥೆ ಓದ್ತಾರಾ?"

"ಜನ ಅಲ್ಲ ಅಕ್ಕ, ಮಿಷೀನು. ಮಿಷೀನೇ ಬಂದು ನೋಡ್ಕೊಂಡು ಓಯ್ತದೆ."

"ಮಿಷೀನಿಗೆ ನಮ್ಮ ದೊಡ್ಡವ್ವ ತವರಿಗೆ ಓಡಿಹೋದದ್ದು ಯಾಕೆ ಬೇಕು?"

"ಅದು ಅದ್ಕೂ ಗೊತ್ತಿಲ್ಲ," ಎಂದರು ಅವರು ಗಂಭೀರವಾಗಿ.

ನನ್ನ ತಲೆ ಇನ್ನಷ್ಟು ಕೆಟ್ಟಿತು. ಎಲ್ಲರ ಮುಖ ನೋಡಿದೆ. "ಸರಿ, ಇಲ್ಲಿರೋರು ನೀವಾದರೂ ಓದ್ತೀರಲ್ಲ? ಯಾರು ನನ್ನ ಬ್ಲಾಗ್ ತೆರೆದಿದ್ದೀರಿ, ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಎಲ್ಲರ ಕೈಯಲ್ಲೂ ಕಾಗದವಿತ್ತು.

ಆ ಕಾಗದದ ಕಥೆ ಹೇಳಲೇಬೇಕು. ಮೊಟ್ಟಮೊದಲ ಕೂಟ ನಡೆದದ್ದು ಇದೇ ಅಂಗಡಿಯಲ್ಲಿ. ಅವತ್ತು ನೆಟ್‌ವರ್ಕ್ ಕೈಕೊಟ್ಟು, ಬಂದ ಮೇಲೆ ಕರೆಂಟು ಕೈಕೊಟ್ಟು, ಕೊನೆಗೆ ಎರಡೂ ಬಂದ ಗಳಿಗೆಯಲ್ಲಿ ಅಂಗಡಿಯವರು ಎಲ್ಲರ ಬರಹವನ್ನೂ ಪ್ರಿಂಟ್ ತೆಗೆದು ಹಂಚಿದರು. ಫೋನಿನ ಗಾಜಿನ ಮೇಲೆ ಓದಿದರೆ ಕಣ್ಣಲ್ಲಿ ನೀರು ಬರುತ್ತದೆ ಎನ್ನುತ್ತಿದ್ದ ಅರಕಲಗೂಡಿನ ಮೇಷ್ಟರಿಗೆ ಅದು ಬಹಳ ಹಿಡಿಸಿತು. ಅಂದಿನಿಂದ ಪದ್ಧತಿ ಅದೇ. ಪ್ರತಿ ಕೂಟಕ್ಕೂ ಹೊಸ ಬರಹಗಳ ಪ್ರಿಂಟು, ಪಕ್ಕದಲ್ಲಿ ಅಗಲವಾಗಿ ಅಂಚು ಬಿಟ್ಟು. ಅನಿಸಿದ್ದನ್ನು ಪೆನ್ನಿನಲ್ಲಿ ಅಂಚಿನಲ್ಲಿ ಬರೆಯುವುದು. ಮುಗಿದ ಮೇಲೆ ಕಾಗದವೆಲ್ಲ ಅಂಗಡಿಯವರು ಇಟ್ಟಿದ್ದ ಅವರವರ ಫೈಲು ಸೇರುವುದು. ನಾನೂ ಹಾಗೇ ಮಾಡುತ್ತಿದ್ದೆ. ಮಿಕ್ಕವರು ಮನೆಗೆ ಹೋಗಿ ಫೋನಿನಲ್ಲೂ ಓದುತ್ತಾರೆ ಎಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಂಡಿದ್ದರಂತೆ. ನಾನು ಯಾರ ಬ್ಲಾಗನ್ನಾದರೂ ತೆರೆದಿದ್ದೆನೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನನ್ನ ಕೈಯೂ ಏಳುತ್ತಿರಲಿಲ್ಲ.

"ಹಾಗಾದರೆ ನಾವು ಇಂಟರ್ನೆಟ್ಟಿನಲ್ಲಿ ಬರೆಯುವವರೋ, ಜೆರಾಕ್ಸಿನಲ್ಲಿ ಬರೆಯುವವರೋ?" ಎಂದೆ.

ಅಂಗಡಿಯವರು ಕಾಫಿ ಲೋಟ ಕೆಳಗಿಟ್ಟರು. "ಅಕ್ಕಾ, ನಿಮ್ ಫೈಲಲ್ಲಿ ಬೇಕಾದಷ್ಟು ಬರ್ದವ್ರೆ. ನೀವು ಒಂದಿನಾನಾದ್ರೂ ಬಿಚ್ಚಿ ನೋಡಿದ್ದೀರಾ?"

ನೋಡಿರಲಿಲ್ಲ. ಯಾರೂ ತಮ್ಮ ಫೈಲು ನೋಡುತ್ತಿರಲಿಲ್ಲ. ಬಾಯಲ್ಲಿ ಚೆನ್ನಾಗಿದೆ ಅಂದ ಮೇಲೆ ಮತ್ತೆ ಕಾಗದ ಹುಡುಕುವುದು ಮರ್ಯಾದೆಯಲ್ಲ ಎಂಬಂಥ ಒಂದು ಸಂಕೋಚ. ಕಂಕುಳಲ್ಲಿ ದೊಣ್ಣೆ ಕೈಯಲ್ಲಿ ಶರಣಾರ್ಥಿ ಎನ್ನುತ್ತಾರಲ್ಲ, ನಮ್ಮ ಕೂಟದ ದೊಣ್ಣೆಗಳೆಲ್ಲ ಆ ಫೈಲಿನೊಳಗೆ ಇದ್ದವು.

ಫೈಲು ಎತ್ತಿಕೊಂಡು ಮರುವಾರವೇ ದಂಡಿಗನಹಳ್ಳಿಗೆ ಹೋದೆ. ದೊಡ್ಡವ್ವನಿಗೆ ಓದು ಬರುವುದಿಲ್ಲ. ಕಾಗದದ ಅಂಚಿನ ನೀಲಿ, ಕಪ್ಪು, ಕೆಂಪು ಅಕ್ಷರಗಳನ್ನು ತೋರಿಸಿದೆ.

"ಇವೆಲ್ಲ ಬೇರೆ ಬೇರೆಯವರ ಕೈಬರಹ ದೊಡ್ಡವ್ವ. ಕೇಳು, 'ಬಹಳ ಸೊಗಸಾಗಿದೆ.' ಇದು ಇನ್ನೊಬ್ಬರದ್ದು, 'ಕಣ್ಣಿಗೆ ಕಟ್ಟಿದಂತಿದೆ.'"

"ನೀನೇ ಮೂರ್ ಪೆನ್ನಲ್ಲಿ ಬರ್ಕೊಂಡ್ ಬಂದಿರ್ಬೋದು."

ಇನ್ನೂ ನಾಲ್ಕು ಹೊಗಳಿಕೆ ಓದಿದೆ. ಅವಳು ಹಸುವಿನ ಕಡೆ ನೋಡುತ್ತಾ ಕೂತಳು. ತವರಿಗೆ ಹೋದ ಕಥೆಯ ಹಾಳೆ ಬಂತು. ಅದರ ಅಂಚಿನಲ್ಲಿ ಮೇಷ್ಟರ ಮುತ್ತಿನಂಥ ಅಕ್ಷರ, ಹಾಸನದ ಕೂಟದಲ್ಲಿ ಬರೆದದ್ದು. ಮೊದಲ ಸಾಲು ಕಣ್ಣಾಡಿಸಿದವಳೇ ಹಾಳೆ ಮಗುಚಲು ಹೋದೆ.

"ಯಾಕ್ ನಿಲ್ಸ್ದೆ?" ದೊಡ್ಡವ್ವ ತಿರುಗಿದಳು. "ಓದು."

"ಅದೇನಿಲ್ಲ ಬಿಡು."

"ಓದು ಅಂದೆ."

ಓದಿದೆ. "ಊಟ ಮುಗಿಸಿ ಹೊರಟ ಹುಡುಗಿ ದೀಪ ಹಚ್ಚುವ ಹೊತ್ತಿಗೆ ನಡೆದು ದುದ್ದ ಮುಟ್ಟುವುದು ಸಾಧ್ಯವಿಲ್ಲ. ನಾನು ಆ ದಾರಿಯಲ್ಲಿ ಸೈಕಲ್ ತುಳಿದವನು. ಹೇಳಿದವರು ಎಲ್ಲೋ ತಪ್ಪಿದ್ದಾರೆ."

ದೊಡ್ಡವ್ವ ಮಡಿಲಲ್ಲಿದ್ದ ಮೊರ ಪಕ್ಕಕ್ಕೆ ಸರಿಸಿದಳು. "ಯಾರವ್ವ ಅವ್ನು?"

"ಅರಕಲಗೂಡಿನವರು, ರಿಟೈರಾದ ಮೇಷ್ಟ್ರು."

"ನಡ್ದೋಳು ನಾನು. ಅವ್ನೇನು ಇಂದ್ಗಡೆ ದಾರಿ ಅಳತೆ ಮಾಡ್ಕೊಂಡ್ ಬತ್ತಿದ್ನಾ? ಸೈಕಲ್ ತುಳ್ದನಂತೆ ಸೈಕಲ್ಲು! ಅವ್ನ ಸೈಕಲ್ ಪಂಚರ್ ಆಗಿತ್ತೇನೋ ಕೇಳು."

ಎದ್ದು ಕೊಟ್ಟಿಗೆಗೆ ಹೋದಳು. ಹಸುವಿಗೆ ಹುಲ್ಲು ಹಾಕಿದಳು, ಆಗಲೇ ಹಾಕಿದ್ದರೂ. ಕೆಲಸ ಕೆಟ್ಟಿತು ಎಂದುಕೊಂಡು ಕಾಗದಗಳನ್ನು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಬಂದು ನನ್ನೆದುರು ಕೂತಳು. ಕೋಪವೆಲ್ಲ ಎಲ್ಲಿ ಹೋಯಿತೋ.

"ಆ ಮೇಷ್ಟ್ರು ಏಳಿದ್ದು ನಿಜವೇ ಕಣವ್ವ," ಎಂದಳು. "ನಡ್ದು ಓಗಕ್ಕೆ ಆಗಕಿಲ್ಲ."

ಒಂದು ಕೆರೆ ಏರಿಯ ಮೇಲೆ ಕಾಲು ಸೋತು ಕೂತುಬಿಟ್ಟಿದ್ದಳಂತೆ. ಹಿಂದಿನಿಂದ ಎತ್ತಿನ ಗಂಟೆ ಕೇಳಿಸಿತು. ನೋಡಿದರೆ ದೊಡ್ಡಪ್ಪ, ಒಬ್ಬನೇ, ಗಾಡಿ ಹೊಡೆದುಕೊಂಡು ಬರುತ್ತಿದ್ದಾನೆ. ಮದುವೆಯಾದ ಮೇಲೆ ಇಬ್ಬರೂ ಸರಿಯಾಗಿ ಮಾತೇ ಆಡಿರಲಿಲ್ಲವಂತೆ. ಬಾವಿ ಕಟ್ಟೆಯ ಮೇಲೆ ಬರಿ ಬಿಂದಿಗೆ ನೋಡಿ ಅವನಿಗೆ ಗೊತ್ತಾಗಿತ್ತು. ಬಿಂದಿಗೆ ತುಂಬಿಸಿ, ಯಾರೂ ನೋಡದ ಹಾಗೆ ಹಿತ್ತಲ ಬಾಗಿಲಲ್ಲಿಟ್ಟು, ಹಿಂಡಿ ತರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೊರಟಿದ್ದ.

"'ಗಾಡಿ ಅತ್ತು' ಅಂದ. ಅಷ್ಟೇಯ. ವಾಪಸ್ ಎಳ್ಕೊಂಡ್ ಓಯ್ತಾನೆ ಅಂತ ಅಳ್ತಾ ಅತ್ತಿ ಕುಂತೆ. ಎತ್ತು ತಿರುಗ್ಸೇ ಇಲ್ಲ ಕಣವ್ವ. ಸೀದಾ ದುದ್ದದ ಕಡೀಕೇ ಓಡ್ಸ್ದ. ಊರು ಒಂದ್ ಕೂಗಳತೆ ಇರೋವಾಗ ನಿಲ್ಸಿ, 'ಬಿಂದಿಗೆ ತುಂಬ್ಸಿ ಇತ್ಲಲ್ಲಿ ಮಡಗಿವ್ನಿ. ಇಲ್ಲಿಂದ ನಡ್ಕಂಡೋಗು, ನಾನ್ ಬಂದಿದ್ದೆ ಅನ್ಬ್ಯಾಡ' ಅಂದ. ನಾನೂ ಇವತ್ತಿನ್ ಗಂಟ ಯಾರ್ಗೂ ಅಂದಿಲ್ಲ."

"ಮತ್ತೆ ವಾಪಸ್ ಯಾಕೆ ಬಂದೆ ದೊಡ್ಡವ್ವ?"

"ಇನ್ನೇನ್ ಮಾಡ್ಲಿ? ನಾಕ್ ದಿನ ಅವ್ವನ್ ಮನೇಲಿ ಕುಂತಿದ್ದೆ. ಬರೀ ಆ ತುಂಬಿದ್ ಬಿಂದಿಗೇನೇ ಗ್ಯಾನಕ್ಕೆ ಬರಾದು."

ಬರೆಯಬೇಕೋ ಬೇಡವೋ ತಿಳಿಯಲಿಲ್ಲ. ದೊಡ್ಡಪ್ಪ ಹೇಳಬೇಡ ಎಂದಿದ್ದ. ಅವನು ಹೋಗಿ ಎಷ್ಟೋ ವರ್ಷವಾಯಿತು. ಹೊಗಳಿಕೆಗಳಿಗೆಲ್ಲ ಬಾಯಿ ಬಿಡದವಳು, ತಪ್ಪು ಎಂದವರಿಗೆ ಯಾಕೆ ಬಾಯಿ ಬಿಟ್ಟಳೆಂಬುದೂ ತಿಳಿಯಲಿಲ್ಲ.

ಅವಳೇ ಹೇಳಿದಳು. "ಮೊದ್ಲು ಆ ಮೇಷ್ಟ್ರ ಮುಂದೆ ಓದು. ಆಮ್ಯಾಕೆ ನೀನು ಎಲ್ಲಿಗ್ ಬೇಕಾದ್ರೂ ಆಕ್ಕೊ."

ಮುಂದಿನ ಕೂಟ ಅರಕಲಗೂಡಿನಲ್ಲಿ, ಮೇಷ್ಟರ ಮನೆಯ ನಡುಮನೆಯಲ್ಲಿ. ಹೊಳೆನರಸೀಪುರದ ಕೂಟಕ್ಕೆ ಅವರು ಬಂದಿರಲಿಲ್ಲ. ರುದ್ರಪಟ್ಟಣದಲ್ಲಿ ಸಂಗೀತ ಕಚೇರಿ ಇತ್ತು, ಅದನ್ನು ಬಿಟ್ಟು ಬರುವವರಲ್ಲ. ನಡೆದದ್ದೆಲ್ಲ ಹೇಳಿ, ಉಳಿದರ್ಧ ಕಥೆಯನ್ನು ಓದಿದೆ. ಮೇಷ್ಟರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದೆವು.

"ಎತ್ತು ಯಾವ ಬಣ್ಣದ್ದಮ್ಮಾ?" ಎಂದರು.

ತೆಂಗಿನಕಾಯಿ ವ್ಯಾಪಾರಿಗಳಿಗೆ ನಗು ತಡೆಯಲಾಗಲಿಲ್ಲ. "ಸಾ, ಅಷ್ಟೆಲ್ಲಾ ಕೇಳಿ ಎತ್ತಿನ್ ಬಣ್ಣ ಕೇಳ್ತಿದ್ದೀರಲ್ಲ ಸಾ!"

"ನಗಬೇಡಿ. ಆ ಹುಡುಗಿ ದಾರಿಯುದ್ದಕ್ಕೂ ತಲೆ ಎತ್ತಿರೋಲ್ಲ. ಅವಳು ನೋಡಿದ್ದು ಎತ್ತುಗಳನ್ನೇ," ಎಂದರು ಮೇಷ್ಟರು. "ಕೇಳಿ ಹೇಳಮ್ಮಾ, ನೆನಪಿಟ್ಟುಕೊಂಡು."

ಅದೇ ಸಂಜೆ ಬ್ಲಾಗಿಗೆ ಹಾಕಿದೆ. ಇವತ್ತಿಗೂ ಅದರ ಕೆಳಗೆ ಸೊನ್ನೆಯೇ ಇದೆ. ಕೂಟದವರೆಲ್ಲ ಇನ್ನು ಮೇಲೆ ಫೋನಿನಲ್ಲೇ ಓದಿ ಅಲ್ಲೇ ಬರೆಯುತ್ತೇವೆ ಎಂದು ಮಾತು ಕೊಟ್ಟರು, ಮರುತಿಂಗಳು ಎಲ್ಲರೂ ಮತ್ತೆ ಜೆರಾಕ್ಸಿಗೇ ಕೈ ಚಾಚಿದರು, ನಾನೂ ಚಾಚಿದೆ. ಆ ಮಿಷೀನುಗಳು ಬಂದು ದೊಡ್ಡಪ್ಪನ ಗುಟ್ಟು ನೋಡಿಕೊಂಡು ಹೋದವೋ ಏನೋ, ಅದೂ ನನಗೆ ಗೊತ್ತಿಲ್ಲ.

ಅರಕಲಗೂಡಿನಿಂದ ವಾಪಸು ಬರುವ ಬಸ್ಸಿನಲ್ಲೇ ದೊಡ್ಡವ್ವನಿಗೆ ಫೋನು ಮಾಡಿದ್ದೆ. ಮೊಮ್ಮಗಳು ಎತ್ತಿ ಅವಳ ಕೈಗೆ ಕೊಟ್ಟಳು.

"ಏನಂದ್ರು?"

ಚೆನ್ನಾಗಿದೆ ಅಂದ್ರು ಎನ್ನಲು ಬಾಯಿ ತೆರೆದವಳು ಹಾಗೇ ನುಂಗಿಕೊಂಡೆ. "ಎತ್ತು ಯಾವ ಬಣ್ಣದ್ದು ಅಂತ ಕೇಳಿದ್ರು ದೊಡ್ಡವ್ವ."

ಸಿಗ್ನಲ್ ಹೋಯಿತೇನೋ ಎಂದು ಫೋನು ನೋಡಿಕೊಂಡೆ.

"ಎಡಗಡೇದು ಬಿಳೀದು," ಎಂದಳು ದೊಡ್ಡವ್ವ ನಿಧಾನಕ್ಕೆ. "ಬಲಗಡೇದು ಕಂದು. ತಡಿ, ಫೋನ್ ಇಡ್ಬ್ಯಾಡ. ಬಲಗಡೇದಕ್ಕೆ ಒಂದ್ ಕೊಂಬು ಮುರ್ದಿತ್ತು ಕಣವ್ವ. ಅದ್ನೂ ಏಳು ಅವ್ರಿಗೆ."

ಮಡಿಲಲ್ಲಿದ್ದ ಪ್ರಿಂಟಿನ ಅಂಚಿನಲ್ಲಿ, ಬಸ್ಸು ಕುಲುಕುವಾಗ ಅಕ್ಷರ ಓಲಾಡುತ್ತಿದ್ದರೂ, ಹಾಗೇ ಬರೆದುಕೊಂಡೆ.