ಪ್ರೇಮಲೀಲಾ ನೀರು ದಾಟಿದ್ದು

ಪ್ರೇಮಲೀಲಾಗೆ ಹೆಸರಿಟ್ಟ ದಿನವೇ ಈ ಕೂಸಿಗೆ ನೀರಿನಿಂದ ಗಂಡಾಂತರವಿದೆ ಎಂದು ಜೋಯಿಸರೊಬ್ಬರು ಹೇಳಿ, ಎಲೆಯಡಿಕೆ ಹಾಕಿಕೊಂಡು ಎದ್ದು ಹೋದರಂತೆ. ಯಾವ ವಯಸ್ಸಿನಲ್ಲಿ, ಎಂಥ ನೀರಿನಿಂದ ಎಂದು ಕೇಳಲು ತಾಯಿ ಗಿರಿಜಾಂಬಾಗೆ ಬಾಯಿ ಬರಲಿಲ್ಲ. ಅದಕ್ಕೆ ಮುಂಚೆ ಹುಟ್ಟಿದ್ದ ಹೆಣ್ಣುಮಗು ಹಿತ್ತಲ ಬಾವಿಗೆ ಬಿದ್ದು ತೀರಿಹೋಗಿದ್ದ ಸಂಕಟ ಆ ಮನೆಯಲ್ಲಿ ಇನ್ನೂ ಹಸಿಯಾಗಿತ್ತು. ಇಲವಾಲದ ಆ ಮನೆಯ ಬಾವಿಗೆ ಗಿರಿಜಾಂಬಾ ಕಲ್ಲುಚಪ್ಪಡಿ ಹೊದಿಸಿದರು. ಮಗಳನ್ನು ಕೆರೆ, ಹೊಳೆ, ನಾಲೆ ಯಾವುದರ ಹತ್ತಿರಕ್ಕೂ ಬಿಡಲಿಲ್ಲ.

ಶಾಲೆಯ ಮಕ್ಕಳೆಲ್ಲ ಕನ್ನಂಬಾಡಿ ಕಟ್ಟೆ ನೋಡಲು ಹೋದಾಗ ಪ್ರೇಮಲೀಲಾ ಮನೆಯಲ್ಲೇ ಉಳಿದಳು. ನಂಜನಗೂಡಿಗೆ ಹೋದರೆ ಅವಳನ್ನು ಸ್ನಾನಘಟ್ಟದ ತೀರಾ ಮೇಲಿನ ಮೆಟ್ಟಿಲಲ್ಲಿ ಕೂರಿಸಿ, ತಾಯಿ ಕೆಳಗಿಳಿದು ಒಂದು ಚೊಂಬು ಕಪಿಲೆಯ ನೀರು ತಂದು ತಲೆಯ ಮೇಲೆ ಸುರಿಯುತ್ತಿದ್ದರು. ಶ್ರೀರಂಗಪಟ್ಟಣದಿಂದ ಒಳ್ಳೆಯ ಸಂಬಂಧವೊಂದು ಬಂದಿತ್ತು. ಹುಡುಗನ ಮನೆಯ ಹಿತ್ತಲು ಹೊಳೆಗೆ ತೆರೆಯುತ್ತದೆ ಎಂದು ತಿಳಿದ ಕೂಡಲೇ ಗಿರಿಜಾಂಬಾ ಜಾತಕ ವಾಪಸು ಕಳಿಸಿಬಿಟ್ಟರು. ಕೊನೆಗೆ ಒಪ್ಪಿಗೆಯಾದವರು ಶಿವರಾಂಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದ ಸಿದ್ದಲಿಂಗಸ್ವಾಮಿ. ಧಾರೆಯಾದ ಮೇಲೆ ಅತ್ತೆ ಅಳಿಯನ ಕೈ ಹಿಡಿದುಕೊಂಡು ಹೇಳಿದ್ದು ಒಂದೇ ಮಾತು.

"ಚಿನ್ನ ಕೊಡ್ಸು ಅಂತ ಕೇಳಲ್ಲಪ್ಪ. ಇವಳನ್ನ ನೀರಿನ ಹತ್ರ ಮಾತ್ರ ಕರ್ಕೊಂಡು ಹೋಗ್ಬೇಡ."

ಸಿದ್ದಲಿಂಗಸ್ವಾಮಿ ಆ ಮಾತನ್ನು ಮುರಿಯಲಿಲ್ಲ. ಅವರು ಮನೆ ಮಾಡಿದ್ದು ಜಯಲಕ್ಷ್ಮಿಪುರಂನಲ್ಲಿ. ಅಕ್ಕಪಕ್ಕದವರೆಲ್ಲ ಸಂಜೆಯಾದರೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಹೊರಡುವಾಗ ಈ ಗಂಡಹೆಂಡತಿ ಅದರ ಎದುರು ದಿಕ್ಕಿಗೆ, ಒಂಟಿಕೊಪ್ಪಲಿನ ಕಡೆಗೆ ನಡೆಯುತ್ತಿದ್ದರು. ಹಾಗೆಂದು ಪ್ರೇಮಲೀಲಾ ಪುಕ್ಕಲಿಯಲ್ಲ. ಬಚ್ಚಲಿಗೆ ನುಗ್ಗಿದ ಕೇರೆಹಾವನ್ನು ಪೊರಕೆಯ ಹಿಡಿಯಿಂದ ತಳ್ಳಿ ಹೊರಗೆ ಬಿಟ್ಟವಳು. ಸೀರೆಗೆ ಕುಚ್ಚು ಕಟ್ಟುವುದರಲ್ಲಿ ಆ ಬಡಾವಣೆಗೆಲ್ಲ ಹೆಸರಾದವಳು. ನೀರೊಂದು ಕಂಡರೆ ಮಾತ್ರ ಅವಳ ಅಂಗೈ ಬೆವರುತ್ತಿತ್ತು.

ಕಳೆದ ವರ್ಷ ಸಿದ್ದಲಿಂಗಸ್ವಾಮಿ ಅಂಗಡಿಯನ್ನು ತಮ್ಮನಿಗೆ ವಹಿಸಿ ಮನೆಯಲ್ಲಿ ಕೂತರು. ಒಂದು ಮಧ್ಯಾಹ್ನ ಟಿ.ವಿ.ಯಲ್ಲಿ ಯಾವುದೋ ಕಡಲತೀರ ತೋರಿಸುತ್ತಿದ್ದರು. ಅವರು ಯಾರಿಗೂ ಹೇಳುತ್ತಿಲ್ಲವೆಂಬಂತೆ, "ಸಮುದ್ರ ನೋಡ್ದೇನೇ ಹೋಗ್ಬುಡ್ತೀನೇನೋ" ಎಂದರು. ಅಡುಗೆಮನೆಯಲ್ಲಿದ್ದ ಪ್ರೇಮಲೀಲಾ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ತನ್ನ ಗಂಡಾಂತರ ಈ ಮನುಷ್ಯನನ್ನೂ ಕಟ್ಟಿಹಾಕಿದೆ ಎಂದು ಅವಳಿಗೆ ಅಷ್ಟು ವರ್ಷ ಹೊಳೆದಿರಲಿಲ್ಲ.

ಮಗಳು ಮಧುಶ್ರೀ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾಳೆ. ವಿಷಯ ತಿಳಿದು ಅವಳೇ ದಾರಿ ಹುಡುಕಿದಳು. "ಕೊಚ್ಚಿಗೆ ಹೋಗೋಣ ಕಣಮ್ಮ. ಬರೀ ಸಮುದ್ರ ಅಲ್ಲ ಅದು. ಪೋರ್ಚುಗೀಸರ ಚರ್ಚು, ಡಚ್ಚರ ಕಾಲದ ಮನೆಗಳು, ಅರಮನೆ ಎಲ್ಲಾ ಇದೆ. ನಾವು ಬೀಚಿಗೆ ಹೋದಾಗ ನೀನು ರೂಮಲ್ಲೇ ಇರು."

ಕೊಚ್ಚಿಯ ಸುತ್ತಲೂ ನೀರು ಎಂಬುದನ್ನು ಮಾತ್ರ ಮಗಳು ಹೇಳಲಿಲ್ಲ.

ರೈಲು ಕೇರಳದೊಳಗೆ ಹೊಕ್ಕ ಮೇಲೆ ಸೇತುವೆ ಬಂದಾಗಲೆಲ್ಲ ಗಾಲಿಗಳ ಸದ್ದು ಬದಲಾಗುತ್ತಿತ್ತು. ಆ ಸದ್ದು ಕೇಳಿದ ತಕ್ಷಣ ಪ್ರೇಮಲೀಲಾ ಕಣ್ಣು ಮುಚ್ಚಿ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು. ಎರ್ನಾಕುಳಂನಿಂದ ಟ್ಯಾಕ್ಸಿಯಲ್ಲಿ ಹೊರಟರೆ ಮತ್ತೆ ಸೇತುವೆ, ಎರಡೂ ಕಡೆ ಹಸಿರುಗಪ್ಪು ನೀರು, ಅದರ ಮೇಲೆ ಮನೆಯಷ್ಟೆತ್ತರದ ಹಡಗುಗಳು. "ಇನ್ನೆಷ್ಟು ಇದೆಯೇ ಇಂಥವು?" ಎಂದು ಕೇಳಿದರೆ ಮಗಳು, "ಮುಗೀತು ಕಣಮ್ಮ" ಎಂದಳು. ಮುಗಿದಿರಲಿಲ್ಲ.

ಫೋರ್ಟ್ ಕೊಚ್ಚಿಯ ಬೀದಿಗಳು ಮಾತ್ರ ಅವಳಿಗೆ ಹಿಡಿಸಿದವು. ದೊಡ್ಡ ದೊಡ್ಡ ಮರಗಳ ನೆರಳು, ದಪ್ಪ ಗೋಡೆಯ ಹಳೆಯ ಮನೆಗಳು, ಹೆಂಚಿನ ಮೇಲೆ ಪಾಚಿ. ಪೋರ್ಚುಗೀಸರು ಕಟ್ಟಿದ ಚರ್ಚಿನೊಳಗೆ ತಂಪಾಗಿತ್ತು. ಹಗ್ಗ ಎಳೆದು ಬೀಸುತ್ತಿದ್ದ ಬಟ್ಟೆಯ ಪಂಖಗಳು ಸೂರಿನಿಂದ ಇನ್ನೂ ನೇತಾಡುತ್ತಿದ್ದವು. ಗೋಡೆಗೆ ಒರಗಿಸಿದ ಸಾಲು ಸಾಲು ಕಲ್ಲುಗಳನ್ನು ತೋರಿಸಿ ಮಧುಶ್ರೀ, "ಇವೆಲ್ಲ ಗೋರಿ ಕಲ್ಲುಗಳು. ಹಡಗಲ್ಲಿ ಬಂದು ಇಲ್ಲೇ ತೀರಿಕೊಂಡವರು" ಎಂದಳು.

"ಊರಿಗೆ ವಾಪಸ್ ಹೋಗ್ಲೇ ಇಲ್ವಾ?"

"ತುಂಬಾ ಜನ ಹೋಗ್ಲಿಲ್ಲಮ್ಮ. ದಾರೀಲಿ ಮುಳುಗಿದವರಿಗೆ ಕಲ್ಲೂ ಇಲ್ಲ."

ಆ ಮಾತು ಕೇಳಬಾರದಿತ್ತು ಅನ್ನಿಸಿತು ಪ್ರೇಮಲೀಲಾಗೆ. ಹೊರಗೆ ಬಿಸಿಲಿಗೆ ಬಂದರೂ ಮೈಯ ಚಳಿ ಬಿಡಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ತಂದೆ ಮಗಳು ಎದುರು ದಡದ ವೈಪಿನ್‌ಗೆ ಹೊರಟರು. ಅಲ್ಲಿ ದೀಪಸ್ತಂಭ ಇದೆ, ಜನ ಕಡಿಮೆ ಇರುವ ಬೀಚಿದೆ ಎಂದು ಮಧುಶ್ರೀ ಓದಿಕೊಂಡಿದ್ದಳು. ಮಧ್ಯೆ ಇರುವುದು ಸಮುದ್ರ ಒಳಗೆ ಬರುವ ಅಗಲವಾದ ಕಾಲುವೆ. ಅದನ್ನು ದಾಟಿಸಲು ಬಸ್ಸು, ಕಾರು, ಜನ ಎಲ್ಲವನ್ನೂ ಹೊತ್ತು ಸಾಗುವ ಚಪ್ಪಟೆ ಕಬ್ಬಿಣದ ಹಡಗೊಂದಿದೆ. ಅಲ್ಲಿಯವರು ಅದನ್ನು ಜಂಗಾರ್ ಅನ್ನುತ್ತಾರೆ. ಸಿದ್ದಲಿಂಗಸ್ವಾಮಿ ಮಗುವಿನ ಹಾಗೆ ಕೈ ಬೀಸುತ್ತಾ ದೂರವಾದರು. ಪ್ರೇಮಲೀಲಾ ದಡದಿಂದ ಸಾಕಷ್ಟು ಹಿಂದೆ, ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ನೀರಿಗೆ ಬೆನ್ನು ಹಾಕಿ ಕೂತಳು.

ಬಿಸಿಲು ನೆತ್ತಿಗೇರಿದ ಹೊತ್ತಿಗೆ ಫೋನ್ ಬಂತು.

"ಅಮ್ಮ, ಗಾಬರಿ ಆಗ್ಬೇಡ. ಅಪ್ಪ ತಲೆ ಸುತ್ತಿ ಬಿದ್ಬುಟ್ರು. ಜಂಗಾರ್ ನಿಲ್ಲೋ ಜೆಟ್ಟಿ ಹತ್ರಾನೇ ಒಂದು ಕ್ಲಿನಿಕ್ ಇದೆ, ಅಲ್ಲಿಗೆ ಕರ್ಕೊಂಡು ಬಂದಿದೀನಿ."

"ಮಾತಾಡ್ತಿದಾರಾ?"

"ಇನ್ನೂ ಇಲ್ಲ..."

ಅಷ್ಟರಲ್ಲಿ ಫೋನ್ ಕಟ್ಟಾಯಿತು. ತಿರುಗಿ ಮಾಡಿದರೆ ಗಂಟೆ ಹೊಡೆದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ಪ್ರೇಮಲೀಲಾ ಬ್ಯಾಗನ್ನು ಎದೆಗವಚಿಕೊಂಡು ಆಟೋ ನಿಲ್ದಾಣಕ್ಕೆ ಓಡಿದಳು. "ವೈಪಿನ್, ವೈಪಿನ್" ಎಂದು ಕೈಯಿಂದ ರಸ್ತೆ ತೋರಿಸಿದಳು. ಆಟೋದವನು ತಲೆಯಾಡಿಸಿದ. "ರೋಡ್ ಲಾಂಗ್ ಅಮ್ಮಾ. ಟ್ರಾಫಿಕ್ ಬ್ಲಾಕ್. ಒನ್ ಅವರ್, ಟೂ ಅವರ್." ಆಮೇಲೆ ನೀರಿನ ಕಡೆಗೆ ಬೆರಳು ತೋರಿಸಿ, "ಜಂಗಾರ್ ಫೈವ್ ಮಿನಿಟ್" ಎಂದ.

ಅವಳು ಮತ್ತೊಬ್ಬ ಆಟೋದವನನ್ನು ಕೇಳಿದಳು. ಅವನೂ ಅದನ್ನೇ ಹೇಳಿದ. ಮಗಳಿಗೆ ಮತ್ತೆ ಫೋನ್ ಮಾಡಿದಳು, ಎತ್ತಲಿಲ್ಲ. ಅಷ್ಟು ಹೊತ್ತಿಗೆ ಜಂಗಾರ್ ಈ ದಡಕ್ಕೆ ತಾಗಿ, ಅದರ ಕಬ್ಬಿಣದ ಹಲಗೆ ದಡದ ಸಿಮೆಂಟಿನ ಮೇಲೆ ಧಡಾರನೆ ಬಿತ್ತು. ಬೈಕುಗಳು ಹೊಗೆ ಉಗುಳುತ್ತಾ ಇಳಿದವು. ಕಾದಿದ್ದ ಜನ ನುಗ್ಗಿದರು. ಪ್ರೇಮಲೀಲಾ ಹಲಗೆಯ ಅಂಚಿನವರೆಗೆ ಹೋಗಿ ನಿಂತಳು. ಹಲಗೆಗೂ ದಡಕ್ಕೂ ನಡುವಿನ ಸಂದಿಯಲ್ಲಿ ನೀರು ಏಳುತ್ತ ಬೀಳುತ್ತ ಉಸಿರಾಡುತ್ತಿತ್ತು. ಕಾಲು ಏಳಲಿಲ್ಲ. ಹಿಂದಿನವರು ಏನೋ ಕೂಗಿದರು. ಆಗ ಯಾರೋ ಅವಳ ಮೊಣಕೈ ಹಿಡಿದು ಒಳಗೆ ಎಳೆದುಕೊಂಡರು.

ನೋಡಿದರೆ ತಲೆಯ ಮೇಲೆ ಅಲ್ಯೂಮಿನಿಯಂ ಬೋಸಿ ಹೊತ್ತ ಮೀನು ಮಾರುವ ಹೆಂಗಸು, ಪ್ರೇಮಲೀಲಾಳದೇ ವಯಸ್ಸು. ಬೇರೆ ದಿನವಾಗಿದ್ದರೆ ಆ ವಾಸನೆಗೆ ಪ್ರೇಮಲೀಲಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಬೀದಿಯ ಆಚೆ ಬದಿಗೆ ಹೋಗುತ್ತಿದ್ದಳು. ಈಗ ಅವಳ ಎರಡೂ ಕೈಗಳು ಆ ಒದ್ದೆ ಕೈಯನ್ನು ಬಿಗಿಯಾಗಿ ಹಿಡಿದವು. ಹಲಗೆ ಮೇಲೆದ್ದಿತು. ಕಾಲ ಕೆಳಗಿನ ಕಬ್ಬಿಣ ನಡುಗಿತು. ದಡ ನಿಧಾನವಾಗಿ ಹಿಂದೆ ಸರಿಯಿತು.

ಕಾಲುವೆಯ ನಡುಮಧ್ಯೆ ಎಂಜಿನ್ನಿನ ಸದ್ದು ಇಳಿಯಿತು. ಜಂಗಾರ್ ನಿಂತುಬಿಟ್ಟಿತು.

ಇದೇ ಅದು, ಅಂದುಕೊಂಡಳು ಪ್ರೇಮಲೀಲಾ. ಜೋಯಿಸರು ಹೇಳಿದ್ದು ಇದನ್ನೇ. ಗಂಡನ ನೆಪದಲ್ಲಿ ನೀರು ನನ್ನನ್ನು ಕರೆಸಿಕೊಂಡಿತು. ಸಮುದ್ರದ ಕಡೆಯಿಂದ ದೊಡ್ಡ ಹಡಗೊಂದು ಬಂದರಿಗೆ ಬರುತ್ತಿತ್ತು, ಅದಕ್ಕೆ ದಾರಿ ಬಿಡಲು ಇವರು ಕಾದಿದ್ದರು. ಅದು ಅವಳಿಗೆ ಗೊತ್ತಿರಲಿಲ್ಲ. ಒಂದು ಕಪ್ಪು ಗೋಡೆ ಆಕಾಶ ಮುಚ್ಚಿಕೊಂಡು ತನ್ನ ಕಡೆಗೇ ಬರುತ್ತಿದೆ ಎಂದಷ್ಟೇ ಕಂಡಿತು. ಅದು ಹಾದುಹೋದ ಮೇಲೆ ಅದರ ಅಲೆಗಳು ಬಂದು ಜಂಗಾರನ್ನು ಎತ್ತಿದವು, ಇಳಿಸಿದವು, ಮತ್ತೆ ಎತ್ತಿದವು. ನೀರು ಹಲಗೆಯ ಸಂದಿಯಿಂದ ಚಿಮ್ಮಿ ಅವಳ ಸೀರೆಯ ಅಂಚನ್ನು ಒದ್ದೆ ಮಾಡಿತು. ಅವಳು ಅಲ್ಲೇ ಕುಸಿದು ಕೂತು, "ಅವ್ವಾ" ಎಂದಳು. "ಶಿವನೇ" ಎನ್ನಲು ಹೋಗಿದ್ದಳು. ಬಾಯಿಗೆ ಬಂದದ್ದು ಅವ್ವ.

ಮೀನಿನ ಹೆಂಗಸು ಬೋಸಿ ಇಳಿಸಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. "ಪೇಡಿಕ್ಕಂಡ, ಪೇಡಿಕ್ಕಂಡ" ಎನ್ನುತ್ತಾ ಬೆನ್ನು ಸವರಿದಳು. ಹೆದರಬೇಡ ಎಂಬುದಕ್ಕೆ ಅಲ್ಲಿಯ ಮಾತು ಅದು. ಪ್ರೇಮಲೀಲಾಗೆ ಮಾತು ತಿಳಿಯಲಿಲ್ಲ, ಕೈ ತಿಳಿಯಿತು. ಅಷ್ಟರಲ್ಲಿ ಜನರೆಲ್ಲ ಒಂದು ಬದಿಗೆ ವಾಲಿ ಓ ಎಂದು ಕೂಗಿದರು. ನೀರಿನಲ್ಲಿ ಡಾಲ್ಫಿನ್ ಬೆನ್ನು ಕಂಡಿತ್ತಂತೆ. ಹೆಂಗಸು ಬೆರಳು ತೋರಿಸಿ ನೋಡು ನೋಡು ಎಂದು ಅಲುಗಿಸಿದರೂ ಪ್ರೇಮಲೀಲಾ ಕಣ್ಣು ತೆರೆಯಲಿಲ್ಲ.

ಆಚೆ ದಡದಲ್ಲಿ ಪ್ರೇಮಲೀಲಾ "ಕ್ಲಿನಿಕ್" ಎಂದದ್ದೇ ಆ ಹೆಂಗಸು ಕೈ ಹಿಡಿದು ನಡೆಸಿ, ಅವರಿವರನ್ನು ವಿಚಾರಿಸಿ, ಕ್ಲಿನಿಕ್ಕಿನ ಬಾಗಿಲವರೆಗೂ ತಂದು ಬಿಟ್ಟಳು. ಪ್ರೇಮಲೀಲಾ ಹಿಂದೆ ತಿರುಗಿ ಕೈ ಮುಗಿಯುವಷ್ಟರಲ್ಲಿ ಬೋಸಿ ಸಂತೆಯ ಗದ್ದಲದಲ್ಲಿ ಮರೆಯಾಗಿತ್ತು.

ಸಿದ್ದಲಿಂಗಸ್ವಾಮಿ ಕೈಗೆ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಸಮುದ್ರ ನೋಡುವ ಖುಷಿಯಲ್ಲಿ ತಿಂಡಿ ಮರೆತು ಬಿಸಿಲಲ್ಲಿ ನಡೆದಿದ್ದರು. ಸಕ್ಕರೆ ಪೂರಾ ಇಳಿದುಹೋಗಿತ್ತು. ಈಗ ಕಣ್ಣು ಬಿಟ್ಟಿದ್ದರು. ಡಾಕ್ಟರ ಹಿಂದೆ ಓಡಾಡುತ್ತಿದ್ದ ಮಧುಶ್ರೀ ಫೋನನ್ನು ಎಲ್ಲೋ ಇಟ್ಟು ಮರೆತಿದ್ದಳು.

"ನೀನ್ ಹೆಂಗ್ ಬಂದ್ಯೇ?" ಎಂದರು ಅವರು.

"ನೀರಿನ ಮೇಲೆ."

ಸಿದ್ದಲಿಂಗಸ್ವಾಮಿಯ ಮುಖ ಬಿಳಿಚಿಕೊಂಡಿತು. ಏಳಲು ಹೋದವರನ್ನು ನರ್ಸ್ ಅದುಮಿ ಮಲಗಿಸಿದಳು. "ಯಾರ್ ಬಾ ಅಂದ್ರು ನಿನ್ನ? ಏನಾದ್ರೂ ಆಗಿದ್ರೆ? ಏನಾದ್ರೂ ಆಗ್ಬುಟ್ಟಿದ್ರೆ ನಾನ್ ಏನೇ ಮಾಡ್ಬೇಕಿತ್ತು?"

ಪ್ರೇಮಲೀಲಾ ಬೆರಗಾದಳು. ಜಾತಕದ ಮಾತೆತ್ತಿದಾಗಲೆಲ್ಲ ಈ ಮನುಷ್ಯ ನಕ್ಕು ಸುಮ್ಮನಾಗುತ್ತಿದ್ದರು. ಅತ್ತೆಗೆ ಕೊಟ್ಟ ಮಾತಿಗೆ, ತನ್ನ ಮೇಲಿನ ಕರುಣೆಗೆ ಇವರು ನೀರಿನಿಂದ ದೂರ ಉಳಿದಿದ್ದಾರೆ ಎಂದೇ ಅವಳು ತಿಳಿದಿದ್ದಳು. "ನಿಮಗೂ ಭಯ ಇತ್ತಾ?" ಎಂದು ಕೇಳಿದಳು.

"ಇಲ್ದೆ ಏನು? ನೀನು ಮನೇಲಿ ಸ್ನಾನಕ್ಕೆ ಹೋಗಿ ಬರೋದು ಸ್ವಲ್ಪ ತಡ ಆದ್ರೂ ನಾನು ಬಾಗಿಲ ಹತ್ರ ಬಂದು ನಿಂತ್ಕೊತಿದ್ದೆ ಕಣೇ."

ಅಷ್ಟು ಹೊತ್ತು ತಡೆದುಕೊಂಡಿದ್ದ ಪ್ರೇಮಲೀಲಾ ಹೊರಗೋಡಿ ಚರಂಡಿಯ ಬಳಿ ವಾಂತಿ ಮಾಡಿಕೊಂಡಳು. ವಾಪಸು ಜಂಗಾರ್ ಹತ್ತುವ ಮಾತನ್ನು ಯಾರೂ ಆಡಲಿಲ್ಲ. ಟ್ಯಾಕ್ಸಿ ಮಾಡಿಕೊಂಡು, ಎರ್ನಾಕುಳಂ ಸುತ್ತಿ, ವಾಹನಗಳ ಸಾಲಿನಲ್ಲಿ ತೆವಳುತ್ತಾ ಮೂವರೂ ಫೋರ್ಟ್ ಕೊಚ್ಚಿಗೆ ಮರಳಿದರು. ಸೇತುವೆ ಬಂದಾಗ ಪ್ರೇಮಲೀಲಾ ಕಣ್ಣು ಮುಚ್ಚಿದಳು. ಪಕ್ಕದಲ್ಲಿದ್ದ ಸಿದ್ದಲಿಂಗಸ್ವಾಮಿಯೂ ಮುಚ್ಚಿದ್ದನ್ನು ಮುಂದಿನ ಸೀಟಿನಲ್ಲಿದ್ದ ಮಧುಶ್ರೀ ಕನ್ನಡಿಯಲ್ಲಿ ನೋಡಿದಳು.

ಊರಿಗೆ ಹೊರಡುವ ಮುಂಚಿನ ಸಂಜೆ ಡಾಕ್ಟರು ಸರಿ ಎಂದ ಮೇಲೆ ಸಿದ್ದಲಿಂಗಸ್ವಾಮಿ ಅಳುಕುತ್ತಲೇ ಕೇಳಿದರು. "ಕಾಲು ಒಂದು ಸಲ ಒದ್ದೆ ಮಾಡ್ಕೊಂಡು ಬರ್ಲಾ?"

ಬೇಡ ಎಂಬ ಮಾತು ಪ್ರೇಮಲೀಲಾಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ, "ನಾನೂ ಬರ್ತೀನಿ, ಮರಳಿನ ತಂಕ" ಎಂದಳು.

ಅವರು ಪಂಚೆ ಎತ್ತಿ ಕಟ್ಟಿ ಇಳಿದರು. ಹಿಮ್ಮಡಿ, ಮೀನಖಂಡ, ಮೊಣಕಾಲು. ಅವಳು ಒಣಮರಳಿನಲ್ಲಿ ನಿಂತು ಅವರ ಬೆನ್ನನ್ನೇ ನೋಡುತ್ತಿದ್ದಳು, ರೆಪ್ಪೆ ಹೊಡೆಯಲೂ ಹೆದರಿ. ಒಂದು ದೊಡ್ಡ ಅಲೆ ಬಂದು ಅವರನ್ನು ಪಕ್ಕಕ್ಕೆ ವಾಲಿಸಿತು.

"ಸಾಕು ಬನ್ರೀ!" ಎಂದು ಕೂಗಿದಳು.

ಅವರು ತಿರುಗಿ ನೋಡಿದರು. ಮುಖವೆಲ್ಲ ಉಪ್ಪುನೀರು, ಬಾಯಿತುಂಬ ನಗು. "ಇನ್ನೊಂದೇ ಒಂದು ಅಲೆ ಕಣೇ, ಬಂದ್ಬುಟ್ಟೆ" ಎಂದು ಮತ್ತೆ ಸಮುದ್ರದ ಕಡೆಗೆ ತಿರುಗಿದರು.